ಹದಿನೆಂಟಕ್ಕೆ ಸ್ವತಂತ್ರ, ಇಪ್ಪತ್ತನಾಲ್ಕರವರೆಗೆ ಅಪ್ಪನ ಆದಾಯ

ಕಳೆದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಅಣ್ಣನ ಮನೆಯಲ್ಲಿದ್ದೆ. ಒಂದು ರಾತ್ರಿ ಊಟ ಮುಗಿದು ಮೇಜು ಒರೆಸಿದ ಮೇಲೆ ಅಣ್ಣನ ಮಗಳು ಲ್ಯಾಪ್‌ಟಾಪ್ ತಂದಿಟ್ಟುಕೊಂಡು ಕುಳಿತಳು. ಬೇಸಿಗೆಯಲ್ಲಿ ಅವಳಿಗೆ ಹದಿನೆಂಟು ತುಂಬಿತ್ತು. ಆ ದೇಶದ ಕಾನೂನಿನ ಪ್ರಕಾರ ಈಗ ಅವಳು ವಯಸ್ಕಳು. ಮತ ಹಾಕಬಹುದು, ಸೈನ್ಯ ಸೇರಬಹುದು, ಕರಾರಿಗೆ ಸಹಿ ಮಾಡಬಹುದು. ಕಾಲೇಜು ಸೇರಿದ ಮೇಲೆ ಅಂಕಪಟ್ಟಿಯ ಮೇಲಿನ ಹಕ್ಕೂ ಅವಳದ್ದೇ, ಅಪ್ಪ ಅಮ್ಮನದಲ್ಲ. ಆದರೆ ಅವಳು ತುಂಬುತ್ತಿದ್ದ ಅರ್ಜಿಗೆ ಈ ಸ್ವಾತಂತ್ರ್ಯದ ಗೊಡವೆ ಇರಲಿಲ್ಲ. ಕಾಲೇಜು ಓದಿಗೆ ಕೇಂದ್ರ ಸರ್ಕಾರದ ನೆರವು ಕೋರುವ ಆ ಅರ್ಜಿಯನ್ನು ಅಲ್ಲಿ ಎಲ್ಲರೂ ಫಾಫ್ಸಾ ಎನ್ನುತ್ತಾರೆ. ಹೆಸರು, ಹುಟ್ಟಿದ ದಿನ, ಕಾಲೇಜುಗಳ ಪಟ್ಟಿ ಎಲ್ಲ ಆದ ಮೇಲೆ ಅದು ತಂದೆ ತಾಯಿಯ ಇಮೇಲ್ ವಿಳಾಸ ಕೇಳಿತು. ಅಣ್ಣನಿಗೆ ಆಹ್ವಾನ ಬಂತು. ಅವನು ತನ್ನ ಖಾತೆಯಿಂದ ಒಳಹೊಕ್ಕು, ತನ್ನ ಆದಾಯದ ವಿವರವನ್ನು ತೆರಿಗೆ ಇಲಾಖೆಯಿಂದ ನೇರವಾಗಿ ತರಿಸಿಕೊಳ್ಳಲು ಒಪ್ಪಿಗೆ ಕೊಟ್ಟ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು.

ಅಷ್ಟರಲ್ಲಿ ಅವಳ ಗೆಳತಿಯ ಫೋನ್ ಬಂತು. ಅದೇ ಶಾಲೆಯ, ಅದೇ ತರಗತಿಯ ಹುಡುಗಿ. ಅವಳ ಅರ್ಜಿ ವಾರದಿಂದ ಅಲ್ಲೇ ನಿಂತಿತ್ತು. ತಾಯಿ ಇಲ್ಲ. ತಂದೆಯ ಕುಡಿತ ತಾಳಲಾರದೆ ಎರಡು ವರ್ಷದಿಂದ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಹಣವನ್ನೂ ಕೊಡುವುದಿಲ್ಲ, ವಿವರವನ್ನೂ ಕೊಡುವುದಿಲ್ಲ ಎಂದು ತಂದೆ ಹೇಳಿಬಿಟ್ಟಿದ್ದರಂತೆ. ಇಬ್ಬರು ಹುಡುಗಿಯರ ಅಂಕಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

ನಿಯಮ ಹೀಗಿದೆ. ವಿದ್ಯಾರ್ಥಿಗೆ 24 ವರ್ಷ ಆಗುವವರೆಗೆ ಕೇಂದ್ರ ಸರ್ಕಾರ ಆತನನ್ನು ತಂದೆ ತಾಯಿಯ ಅವಲಂಬಿತ ಎಂದೇ ಲೆಕ್ಕ ಹಾಕುತ್ತದೆ. ಮದುವೆಯಾಗಿದ್ದರೆ, ಸೈನ್ಯದಲ್ಲಿದ್ದರೆ, ಅನಾಥನಾಗಿದ್ದರೆ, ತನ್ನದೇ ಮಗುವನ್ನು ಸಾಕುತ್ತಿದ್ದರೆ, ಹೀಗೆ ಬೆರಳೆಣಿಕೆಯ ಕಾರಣಗಳಿಗೆ ಮಾತ್ರ ವಿನಾಯಿತಿ. ತಾನೇ ದುಡಿದು ತಿನ್ನುತ್ತಿದ್ದೇನೆ ಎಂಬುದು ಕಾರಣವಲ್ಲ. ಅಪ್ಪ ಒಂದು ಡಾಲರನ್ನೂ ಕೊಡುವುದಿಲ್ಲ ಎಂಬುದೂ ಕಾರಣವಲ್ಲ. ತಂದೆ ತಾಯಿ ವಿವರ ಕೊಡದಿದ್ದರೆ ಬಡ ವಿದ್ಯಾರ್ಥಿಗಳಿಗೆಂದೇ ಇರುವ ಪೆಲ್ ಅನುದಾನ ಕೈತಪ್ಪುತ್ತದೆ. ವರ್ಷಕ್ಕೆ 7,395 ಡಾಲರ್‌ವರೆಗೆ ಸಿಗಬಹುದಾದ, ತಿರುಗಿ ಕಟ್ಟಬೇಕಿಲ್ಲದ ಹಣ ಅದು. ಅದರ ಬದಲು ಹೆಚ್ಚೆಂದರೆ ಮೊದಲ ದಿನದಿಂದಲೇ ಬಡ್ಡಿ ಬೆಳೆಯುವ ಒಂದು ಸಣ್ಣ ಸಾಲ ದೊರೆಯಬಹುದು. ಮನೆಯಲ್ಲಿ ಬದುಕುವುದೇ ಅಸಾಧ್ಯವಾಗಿತ್ತು ಎಂದು ಕಾಲೇಜಿಗೆ ದಾಖಲೆ ಸಮೇತ ತೋರಿಸಿದರೆ ಬೇರೆ ದಾರಿ ಉಂಟು. ಆ ಹುಡುಗಿಗೆ ಅದನ್ನು ಯಾರೂ ಹೇಳಿರಲಿಲ್ಲ. ಶಾಲೆಯ ಸಲಹೆಗಾರರು ನೂರಾರು ಮಕ್ಕಳಿಗೆ ಒಬ್ಬರು. ಇಂಥ ಅರ್ಜಿಯ ಒಳಹೊರಗು ತಿಳಿದ ದೊಡ್ಡವರೊಬ್ಬರು ಮನೆಯಲ್ಲಿರುವುದೇ ಒಂದು ಆಸ್ತಿ ಎಂದು ಆ ರಾತ್ರಿ ನನಗೆ ಅನ್ನಿಸಿತು.

ತನ್ನ ಬದುಕಿಗೆ ತಾನೇ ಹೊಣೆ ಎಂಬ ಮಾತನ್ನು ಅಮೆರಿಕದಷ್ಟು ಗಟ್ಟಿಯಾಗಿ ಹೇಳುವ ಸಮಾಜ ಇನ್ನೊಂದಿಲ್ಲ. ಆದರೆ ಅದರ ಕಾನೂನಿನಲ್ಲೇ ನಾಲ್ಕು ವಯಸ್ಸುಗಳಿವೆ. ಹದಿನೆಂಟಕ್ಕೆ ಮತದಾನ. ವಲಸೆ ಕಾನೂನಿನಲ್ಲಿ ಇಪ್ಪತ್ತೊಂದರವರೆಗೆ ಮಗು. ಕಾಲೇಜು ನೆರವಿನ ಲೆಕ್ಕದಲ್ಲಿ ಇಪ್ಪತ್ತನಾಲ್ಕರವರೆಗೆ ಅವಲಂಬಿತ. 2010ರ ಆರೋಗ್ಯ ಕಾಯ್ದೆ ಬಂದ ಮೇಲೆ ಇಪ್ಪತ್ತಾರರವರೆಗೆ ತಂದೆ ತಾಯಿಯ ಆರೋಗ್ಯ ವಿಮೆಯಲ್ಲಿ ಉಳಿಯಬಹುದು. ಒಬ್ಬ ಮನುಷ್ಯ ಹದಿನೆಂಟಕ್ಕೆ ಒಂಟಿಯಾಗಿ ನಿಲ್ಲಲಾರ ಎಂಬುದು ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತು. ಆದರೆ ಆ ತಿಳಿವಳಿಕೆಯ ಫಲ ಸಿಗುವುದು ವಿಮೆಯುಳ್ಳ, ಆದಾಯವುಳ್ಳ, ಅರ್ಜಿಗೆ ಸಹಿ ಹಾಕುವ ಮನಸ್ಸುಳ್ಳ ತಂದೆ ತಾಯಿ ಇರುವವರಿಗೆ. ತಂದೆಗೇ ವಿಮೆ ಇಲ್ಲದ ಮನೆಯಲ್ಲಿ ಇಪ್ಪತ್ತಾರು ಎಂಬ ಅಂಕಿಗೆ ಏನೂ ಅರ್ಥವಿಲ್ಲ.

ಶ್ರಮಪಟ್ಟವನು ಮೇಲೆ ಬರುತ್ತಾನೆ, ಬಾರದವನ ಶ್ರಮದಲ್ಲಿ ಕೊರತೆ ಇದೆ ಎಂದು ನಂಬುವವರು ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಕಥೆಯನ್ನು ಒಮ್ಮೆ ತಾಳ್ಮೆಯಿಂದ ಓದಬೇಕು. ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ಬರುವ ಹಣದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಸ್ಥಳೀಯವಾಗಿ, ಬಹುಪಾಲು ಮನೆ ಮತ್ತು ಜಮೀನಿನ ತೆರಿಗೆಯಿಂದ ಬರುತ್ತದೆ. ಹೆಚ್ಚಿನ ಶಾಲಾ ಜಿಲ್ಲೆಗಳು ತಮ್ಮ ಗಡಿಯೊಳಗಿನ ಆಸ್ತಿಗೆ ತೆರಿಗೆ ಹಾಕಿ ತಮ್ಮ ಶಾಲೆಗಳನ್ನು ನಡೆಸುತ್ತವೆ. ಸ್ಯಾನ್ ಆಂಟೋನಿಯೊದ ಪಶ್ಚಿಮಕ್ಕಿರುವ ಎಡ್ಜ್‌ವುಡ್ ಜಿಲ್ಲೆಯಲ್ಲಿ ಮೆಕ್ಸಿಕೊ ಮೂಲದ ದುಡಿಯುವ ಜನರೇ ಹೆಚ್ಚು. ಅದೇ ನಗರದಲ್ಲಿರುವ ಅಲಾಮೊ ಹೈಟ್ಸ್ ಸಿರಿವಂತ ಬಿಳಿಯರ ಜಿಲ್ಲೆ. 1967-68ರಲ್ಲಿ ಎಡ್ಜ್‌ವುಡ್ ಜನ ತಮ್ಮ ಆಸ್ತಿಯ ಪ್ರತಿ 100 ಡಾಲರ್ ಮೌಲ್ಯಕ್ಕೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಆ ನಗರ ಪ್ರದೇಶದಲ್ಲೇ ಅದು ಅತಿ ಹೆಚ್ಚಿನ ದರ. ಅಲಾಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್. ಇಷ್ಟು ಕಟ್ಟಿಯೂ ರಾಜ್ಯದ ಸಾಮಾನ್ಯ ನಿಧಿಗೆ ಕೊಡಬೇಕಾದದ್ದನ್ನು ಕೊಟ್ಟ ಮೇಲೆ ಎಡ್ಜ್‌ವುಡ್‌ಗೆ ಸ್ಥಳೀಯ ತೆರಿಗೆಯಿಂದ ಒಬ್ಬ ವಿದ್ಯಾರ್ಥಿಗೆ ಉಳಿಯುತ್ತಿದ್ದದ್ದು 26 ಡಾಲರ್. ಅಲಾಮೊ ಹೈಟ್ಸ್‌ಗೆ 333 ಡಾಲರ್. ರಾಜ್ಯ ಮತ್ತು ಕೇಂದ್ರದ ಪಾಲು ಸೇರಿಸಿದ ಮೇಲೂ ಒಂದು ಕಡೆ ತಲಾ 356, ಇನ್ನೊಂದು ಕಡೆ 594. ಕಾರಣ ಸರಳ. ಎಡ್ಜ್‌ವುಡ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಲೆಕ್ಕಕ್ಕೆ ಬರುತ್ತಿದ್ದ ಆಸ್ತಿಯ ಮೌಲ್ಯ 5,960 ಡಾಲರ್. ಅಲಾಮೊ ಹೈಟ್ಸ್‌ನಲ್ಲಿ ಅದು 49,000ಕ್ಕೂ ಹೆಚ್ಚು. ಬಡವರು ತಮ್ಮ ಮಕ್ಕಳ ಶಾಲೆಗಾಗಿ ಸಿರಿವಂತರಿಗಿಂತ ಹೆಚ್ಚು ಬಿಗಿಯಾಗಿ ಹೊಟ್ಟೆ ಕಟ್ಟಿದರು. ಆದರೂ ಸಿಕ್ಕಿದ್ದು ಕಡಿಮೆ.

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಪ್ರೌಢಶಾಲೆಯ ಸುಮಾರು 400 ಮಕ್ಕಳು ಶಾಲೆಯ ದುಃಸ್ಥಿತಿಯನ್ನು ಪ್ರತಿಭಟಿಸಿ ತರಗತಿಯಿಂದ ಹೊರನಡೆದರು. ವಾಯುನೆಲೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಡಿಮೆಟ್ರಿಯೊ ರೋಡ್ರಿಗಸ್ ಇತರ ಪೋಷಕರೊಂದಿಗೆ ಸೇರಿ ಮೊಕದ್ದಮೆ ಹೂಡಿದರು. ಕೆಳ ನ್ಯಾಯಾಲಯದಲ್ಲಿ ಗೆದ್ದರು. 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್‌ನಲ್ಲಿ 5–4ರ ಅಂತರದಲ್ಲಿ ಸೋತರು. ಶಿಕ್ಷಣ ಅಮೆರಿಕದ ಸಂವಿಧಾನ ಖಾತ್ರಿಪಡಿಸಿದ ಮೂಲಭೂತ ಹಕ್ಕಲ್ಲ, ಆಸ್ತಿ ತೆರಿಗೆಯ ಈ ವ್ಯವಸ್ಥೆ ಸಂವಿಧಾನಬಾಹಿರವಲ್ಲ ಎಂದಿತು ಬಹುಮತದ ತೀರ್ಪು. ಶಾಲೆಗಳಲ್ಲಿನ ವರ್ಣಭೇದದ ವಿರುದ್ಧ ವಕೀಲರಾಗಿ ಹೋರಾಡಿ ಗೆದ್ದಿದ್ದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನ ತೀರ್ಪು ಬರೆದರು. 1989ರಲ್ಲಿ ಟೆಕ್ಸಾಸ್‌ನ ಸ್ವಂತ ಸರ್ವೋಚ್ಚ ನ್ಯಾಯಾಲಯ, ರಾಜ್ಯ ಸಂವಿಧಾನದ ಆಧಾರದ ಮೇಲೆ ಎಡ್ಜ್‌ವುಡ್ ಪರವಾಗಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅಂದು ಹೊರನಡೆದ ಮಕ್ಕಳ ಮಕ್ಕಳೂ ಶಾಲೆಗೆ ಹೋಗುವಷ್ಟು ದೊಡ್ಡವರಾಗಿದ್ದರು.

ಈ ಕಾರಣಕ್ಕೇ ಅಮೆರಿಕದಲ್ಲಿ ಮನೆ ಕೊಳ್ಳುವವರು ಅಡುಗೆಮನೆಗಿಂತ ಮೊದಲು ಶಾಲಾ ಜಿಲ್ಲೆ ಯಾವುದು ಎಂದು ನೋಡುತ್ತಾರೆ. ಅಲ್ಲಿರುವ ನಮ್ಮ ಕನ್ನಡಿಗರ ಮಾತಿನಲ್ಲೂ ಇದು ನಿತ್ಯದ ವಿಷಯ. ‘ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟ್’ ಎಂಬ ಪದವನ್ನು ನಾನು ಅಣ್ಣನ ಬಾಯಲ್ಲೇ ಹತ್ತಾರು ಸಲ ಕೇಳಿದ್ದೇನೆ. ಅದನ್ನು ಬಿಡಿಸಿ ಹೇಳಿದರೆ ಇಷ್ಟೇ: ಮಗುವಿನ ಅವಕಾಶಕ್ಕೆ ತಂದೆ ತಾಯಿ ಮನೆಯ ಬೆಲೆಯ ರೂಪದಲ್ಲಿ ಮುಂಗಡ ಕಟ್ಟಿದ್ದಾರೆ. ಆ ಮಗು ಮುಂದೆ ತನ್ನ ಅಂಕಗಳು ತನ್ನವೇ ಎನ್ನುತ್ತದೆ. ಹಾಗೆನ್ನುವುದು ಸುಳ್ಳಲ್ಲ, ರಾತ್ರಿ ಕುಳಿತು ಓದಿದ್ದು ಅದೇ. ಕಟ್ಟಿದ ಮುಂಗಡ ಮಾತ್ರ ಅದರ ಕಣ್ಣಿಗೆ ಬಿದ್ದಿರುವುದಿಲ್ಲ.

ಮಗುವಿನ ಸ್ವಭಾವಕ್ಕೂ ನೆರೆಹೊರೆಗೂ ಇರುವ ಪಾಲನ್ನು ಬೇರ್ಪಡಿಸಿ ನೋಡುವುದು ಕಷ್ಟದ ಕೆಲಸ. 1990ರ ದಶಕದಲ್ಲಿ ಅಮೆರಿಕ ಸರ್ಕಾರವೇ ಐದು ನಗರಗಳಲ್ಲಿ ಅದಕ್ಕೊಂದು ಪ್ರಯೋಗ ನಡೆಸಿತು. ಕಡುಬಡತನದ ವಸತಿ ಸಂಕೀರ್ಣಗಳಲ್ಲಿದ್ದ ಕೆಲವು ಕುಟುಂಬಗಳಿಗೆ ಚೀಟಿ ಎತ್ತಿದಂತೆ, ಬಡತನ ಕಡಿಮೆ ಇರುವ ಬಡಾವಣೆಗೆ ಮನೆ ಬದಲಿಸಲು ಬಾಡಿಗೆಯ ನೆರವು ಕೊಟ್ಟರು. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಆ ಮಕ್ಕಳು ದೊಡ್ಡವರಾದ ಮೇಲೆ ಅವರ ತೆರಿಗೆ ದಾಖಲೆ ನೋಡಿದರು. ಹದಿಮೂರು ತುಂಬುವ ಮೊದಲೇ ಹೊಸ ಜಾಗಕ್ಕೆ ಹೋದ ಮಕ್ಕಳು ಇಪ್ಪತ್ತರ ನಡುವಯಸ್ಸಿನಲ್ಲಿ, ಹೋಗದವರಿಗಿಂತ ಸುಮಾರು ಶೇ. 31ರಷ್ಟು ಹೆಚ್ಚು ದುಡಿಯುತ್ತಿದ್ದರು. ತಂದೆ ತಾಯಿ ಅವರೇ, ಮೈಬಣ್ಣ ಅದೇ, ಬುದ್ಧಿ ಅದೇ. ಬದಲಾದದ್ದು ಬೀದಿ ಮತ್ತು ಶಾಲೆ.

ಚೆಟ್ಟಿಯವರ ತಂಡದ ಇನ್ನೊಂದು ಲೆಕ್ಕ ನಮ್ಮವರಿಗೆ ಹೆಚ್ಚು ಹತ್ತಿರದ್ದು. ಅತಿ ಕಡಿಮೆ ಆದಾಯದ ಐದನೇ ಒಂದು ಪಾಲಿನ ಕುಟುಂಬದಲ್ಲಿ ಬೆಳೆದ ಮಗು, ದೊಡ್ಡದಾದ ಮೇಲೆ ಅತಿ ಹೆಚ್ಚು ಆದಾಯದ ಐದನೇ ಒಂದು ಪಾಲನ್ನು ಸೇರುವ ಸಾಧ್ಯತೆ ಎಷ್ಟು? ಹುಟ್ಟಿಗೆ ಏನೂ ಬೆಲೆ ಇಲ್ಲದಿದ್ದರೆ ಅದು ಶೇ. 20 ಇರಬೇಕು. ಅಮೆರಿಕದಲ್ಲಿ ಶೇ. 7.5 ಇತ್ತು. ಸಾಮಾಜಿಕ ಭದ್ರತೆಗೆ ಹೆಚ್ಚು ತೆರಿಗೆ ಕಟ್ಟುವ ಡೆನ್ಮಾರ್ಕ್‌ನಲ್ಲಿ ಶೇ. 11.7, ಪಕ್ಕದ ಕೆನಡಾದಲ್ಲಿ ಶೇ. 13.5. ಅಮೆರಿಕದೊಳಗೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಪ್ರದೇಶದಲ್ಲಿ ಶೇ. 12.9 ಇದ್ದರೆ ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ಶೇ. 4.4. ಎರಡೂ ಊರುಗಳಲ್ಲಿ ಈಗ ಕನ್ನಡ ಸಂಘದವರು ರಾಜ್ಯೋತ್ಸವ ಮಾಡುತ್ತಾರೆ. ಶಾರ್ಲಟ್ ಬ್ಯಾಂಕುಗಳ ಊರು, ಬೆಳೆಯುತ್ತಿರುವ ಊರು. ಆದರೂ ದೇಶದ 50 ದೊಡ್ಡ ನಗರ ಪ್ರದೇಶಗಳಲ್ಲಿ ಅದು ಕೊನೆಯ ಸ್ಥಾನದಲ್ಲಿತ್ತು. ಊರು ಬೆಳೆಯುವುದು ಬೇರೆ, ಆ ಊರಿನ ಬಡ ಮಗು ಬೆಳೆಯುವುದು ಬೇರೆ.

ಹಿಂದೆ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. 1940ರಲ್ಲಿ ಹುಟ್ಟಿದ ಅಮೆರಿಕನ್ನರಲ್ಲಿ ಶೇ. 90ರಷ್ಟು ಜನ ತಮ್ಮ ತಂದೆ ತಾಯಿಗಿಂತ ಹೆಚ್ಚು ದುಡಿದರು. 1980ರ ದಶಕದಲ್ಲಿ ಹುಟ್ಟಿದವರಲ್ಲಿ ಆ ಪ್ರಮಾಣ ಸುಮಾರು ಶೇ. 50ಕ್ಕೆ ಇಳಿದಿದೆ. ‘ಅಮೆರಿಕದ ಕನಸು’ ಎಂಬ ಮಾತು 1931ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ ಹೆಸರಾದದ್ದು. ಎರಡನೇ ಮಹಾಯುದ್ಧದ ನಂತರದ ಒಂದೆರಡು ದಶಕಗಳಲ್ಲಿ ಅದು ಬಿಳಿಯ ಕಾರ್ಮಿಕನ ಮಟ್ಟಿಗಾದರೂ ನಿಜದ ಹತ್ತಿರಕ್ಕೆ ಬಂದಿತ್ತು. ಆ ಕಾಲದ ಯಶಸ್ಸಿನ ಮಾತನ್ನು ಈ ಕಾಲದ ಮಕ್ಕಳ ಮೇಲೆ ಹೊರಿಸುತ್ತಿದ್ದೇವೆ.

ಕಪ್ಪು ಜನರ ಮಟ್ಟಿಗೆ ಲೆಕ್ಕ ಇನ್ನೂ ಬೇರೆ. ವರ್ಗ ಒಂದರಿಂದಲೇ ಎಲ್ಲವನ್ನೂ ವಿವರಿಸಲು ಹೊರಡುವವರು ಇಲ್ಲಿ ತಪ್ಪುತ್ತಾರೆ. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಂತೆ ಬಿಳಿಯ ಕುಟುಂಬಗಳ ಮಧ್ಯಾಂಕ ಸಂಪತ್ತು, ಅಂದರೆ ಸಾಲಿನ ನಟ್ಟನಡುವೆ ಬರುವ ಕುಟುಂಬದ ಸಂಪತ್ತು, 2,85,000 ಡಾಲರ್, ಕಪ್ಪು ಕುಟುಂಬಗಳದ್ದು 44,900. ಮನೆ ಸಾಲ ಕೊಡುವಾಗ ಕಪ್ಪು ಜನರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ ದೂರವಿಟ್ಟದ್ದು 1930ರ ದಶಕದಲ್ಲಿ. ಅಂದು ಅಜ್ಜನಿಗೆ ಸಿಗದ ಮನೆ ಇಂದು ಮೊಮ್ಮಗನ ಕಾಲೇಜು ಶುಲ್ಕವಾಗಿ ಸಿಗುತ್ತಿಲ್ಲ. ಅಷ್ಟೇ ಅಲ್ಲ, ಒಂದೇ ಬಡಾವಣೆಯಲ್ಲಿ, ಒಂದೇ ಆದಾಯದ ಮನೆಗಳಲ್ಲಿ ಬೆಳೆದ ಕಪ್ಪು ಹುಡುಗರೂ ದೊಡ್ಡವರಾದ ಮೇಲೆ ಬಿಳಿಯ ಹುಡುಗರಿಗಿಂತ ಕಡಿಮೆ ದುಡಿಯುತ್ತಾರೆ ಎಂದು 2018ರ ಅಧ್ಯಯನ ತೋರಿಸಿತು. ದೇಶದ ಬಹುತೇಕ ಎಲ್ಲ ಪ್ರದೇಶಗಳಲ್ಲೂ ಹೀಗೇ ಇದೆ.

ದೊಡ್ಡ ಹೆಸರಿನ ವಿಶ್ವವಿದ್ಯಾಲಯಗಳ ಬಾಗಿಲಲ್ಲಿ ಈ ಕುಟುಂಬದ ಪಾಲು ಬರಹದಲ್ಲೇ ಇದೆ. ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್‌ನಂಥ ಹನ್ನೆರಡು ಸಂಸ್ಥೆಗಳಿಗೆ ಸೇರುವವರು ಅಮೆರಿಕನ್ನರಲ್ಲಿ ಶೇ. 0.5ಕ್ಕಿಂತ ಕಡಿಮೆ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ನೇಮಕಗೊಂಡ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಲ್ಲಿ ಮುಕ್ಕಾಲು ಪಾಲು, ಸೆನೆಟರುಗಳಲ್ಲಿ ಕಾಲು ಪಾಲು ಅಲ್ಲಿ ಓದಿದವರು. 2023ರಲ್ಲಿ ಪ್ರಕಟವಾದ ಅಧ್ಯಯನ ಈ ಹನ್ನೆರಡರ ಪ್ರವೇಶದ ದಾಖಲೆ ನೋಡಿತು. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದ ಇಬ್ಬರಲ್ಲಿ, ಅತಿ ಸಿರಿವಂತ ಶೇ. 1ರ ಮನೆಯ ಮಗು ಮಧ್ಯಮ ವರ್ಗದ ಮಗುವಿಗಿಂತ ಎರಡು ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಅಲ್ಲಿಗೆ ಸೇರುತ್ತದೆ. ತಂದೆಯೋ ತಾಯಿಯೋ ಅಲ್ಲೇ ಓದಿದ್ದರೆ ಆದ್ಯತೆ. ಕ್ರೀಡೆಯ ಹೆಸರಿನಲ್ಲಿ ಆಯ್ಕೆ, ಅದರಲ್ಲಿ ದೋಣಿ ಓಡಿಸುವುದು, ಕತ್ತಿವರಸೆ, ಸ್ಕ್ವಾಷ್‌ನಂಥ ಕ್ರೀಡೆಗಳೂ ಸೇರಿವೆ. ಇವನ್ನು ಕಲಿಸುವ ಶಾಲೆ ಎಲ್ಲಿದೆ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಜೊತೆಗೆ ಪಠ್ಯೇತರ ಸಾಧನೆ, ಶಿಫಾರಸು ಪತ್ರ. ಇದೇ ಅಧ್ಯಯನದಲ್ಲಿ ನೋಡಿದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಿರಿವಂತರಿಗೆ ಇಂಥ ಮೇಲುಗೈ ಕಾಣಲಿಲ್ಲ. ಅಂದರೆ ಇದು ಹೀಗೇ ಇರಬೇಕಾದ್ದಲ್ಲ, ನಿಯಮ ಬರೆದವರ ಆಯ್ಕೆ.

2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ನಿಲ್ಲಿಸಿತು. ತಂದೆ ತಾಯಿ ಓದಿದ ಕಾಲೇಜು ಎಂಬ ಆದ್ಯತೆಗೆ ಆ ತೀರ್ಪಿನಿಂದ ಏನೂ ಆಗಲಿಲ್ಲ. ಬಳಿಕ ಒಂದೊಂದೇ ರಾಜ್ಯ ಎಚ್ಚೆತ್ತವು. ಕೊಲೊರಾಡೊ 2021ರಲ್ಲೇ ತನ್ನ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ನಿಷೇಧಿಸಿತ್ತು. 2024ರಲ್ಲಿ ವರ್ಜೀನಿಯಾ, ಮೇರಿಲ್ಯಾಂಡ್, ಇಲಿನಾಯ್ ಸೇರಿಕೊಂಡವು. ಅದೇ ವರ್ಷ ಕ್ಯಾಲಿಫೋರ್ನಿಯಾ ಖಾಸಗಿ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಕಾನೂನು ಮಾಡಿತು.

ಕಾಲೇಜಿನ ಆಚೆಗೆ ಕುಟುಂಬದ ಕೈ ಇನ್ನೂ ಕಾಣದಂತೆ ಕೆಲಸ ಮಾಡುತ್ತದೆ. ನ್ಯೂಯಾರ್ಕಿನಲ್ಲೋ ವಾಷಿಂಗ್ಟನ್ನಿನಲ್ಲೋ ಸಂಬಳವಿಲ್ಲದೆ ಮೂರು ತಿಂಗಳು ಕೆಲಸ ಕಲಿಯಬೇಕಾದರೆ ಬಾಡಿಗೆ ಯಾರು ಕಟ್ಟಬೇಕು? ಬಾಡಿಗೆ ಕರಾರಿಗೆ, ಖಾಸಗಿ ವಿದ್ಯಾರ್ಥಿ ಸಾಲಕ್ಕೆ ಜಾಮೀನು ಯಾರು ನಿಲ್ಲಬೇಕು? ಯಾವ ಕಚೇರಿಯಲ್ಲಿ ಯಾವ ಕೆಲಸ ಇದೆ ಎಂದು ಊಟದ ಹೊತ್ತಿನಲ್ಲಿ ಹೇಳುವವರು ಯಾರು? 2022ರಲ್ಲಿ ಫೇಸ್‌ಬುಕ್‌ನ 2,100 ಕೋಟಿ ಸ್ನೇಹಸಂಬಂಧಗಳನ್ನು ಜಾಲಾಡಿದ ಅಧ್ಯಯನವೊಂದು, ಬಡ ಮಕ್ಕಳಿಗೆ ಉಳ್ಳವರ ಮನೆಯ ಸ್ನೇಹಿತರು ಹೆಚ್ಚಿರುವ ಊರುಗಳಲ್ಲಿ ಆ ಮಕ್ಕಳು ಮೇಲೇರುವ ಸಾಧ್ಯತೆಯೂ ಹೆಚ್ಚು ಎಂದು ಕಂಡುಕೊಂಡಿತು. ಬಡವನಿಗೆ ಬಡವರೇ ಸ್ನೇಹಿತರಾಗಿ ಉಳಿದ ಊರಿನಲ್ಲಿ ಸುದ್ದಿಯೂ ಗೋಡೆ ದಾಟುವುದಿಲ್ಲ.

ವ್ಯಕ್ತಿಯನ್ನು ವ್ಯಕ್ತಿಯಾಗಿಯೇ ಕಾಣುವ ಸಮಾಜದಲ್ಲಿ ನಿಜವಾದ ಬಿಡುಗಡೆಯೂ ಇದೆ. ಯಾರ ಮಗ, ಯಾವ ಕೇರಿಯವನು ಎಂದು ಕೇಳದೆ ಕೆಲಸ ಕೊಟ್ಟ ಅನುಭವವನ್ನು ನಮ್ಮಲ್ಲಿಂದ ಹೋದವರು ಕೃತಜ್ಞತೆಯಿಂದ ನೆನೆಯುತ್ತಾರೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ತಕರಾರು ಬೇರೆ. ಕುಟುಂಬದ ನೆರವನ್ನು ಈ ಸಮಾಜ ಇಲ್ಲವಾಗಿಸಿಲ್ಲ, ಕಾಣದಂತೆ ಮಾಡಿದೆ. ನೆರವು ಪಡೆದವನಿಗೆ ಅದು ತನ್ನ ಶ್ರಮವೆಂದು ಅನ್ನಿಸುತ್ತದೆ. ಪಡೆಯದವನಿಗೆ ತನ್ನ ಸೋಲು ತನ್ನದೇ ತಪ್ಪು ಅನ್ನಿಸುತ್ತದೆ. ಹಣದ ಕೊರತೆಗಿಂತ ಈ ಎರಡನೆಯ ಗಾಯವೇ ಆಳವಾದದ್ದು ಎಂದು ನಾನು ನಂಬಿದ್ದೇನೆ. ಆ ರಾತ್ರಿ ಫೋನಿನಲ್ಲಿ ಆ ಹುಡುಗಿ ಪದೇ ಪದೇ ಹೇಳುತ್ತಿದ್ದದ್ದು, ನಾನೇ ಎಲ್ಲೋ ತಪ್ಪಾಗಿ ತುಂಬಿರಬೇಕು ಎಂದು.

ಅಮೆರಿಕದ ಭಾರತೀಯರ ಏಳಿಗೆಯನ್ನು ‘ಸ್ವಂತ ಶ್ರಮ’ಕ್ಕೆ ಸಾಕ್ಷಿಯಾಗಿ ತೋರಿಸುವವರು ಬಹಳ. ಅಲ್ಲಿನ 25 ವರ್ಷ ದಾಟಿದ ಭಾರತೀಯರಲ್ಲಿ ಸುಮಾರು ಮುಕ್ಕಾಲು ಭಾಗ ಪದವೀಧರರು. ಭಾರತದಲ್ಲಿ ಪದವೀಧರರ ಪ್ರಮಾಣ ಅದರ ಹತ್ತಿರಕ್ಕೂ ಬರುವುದಿಲ್ಲ. ವಲಸೆ ಕಾನೂನು ಮೊದಲೇ ಜರಡಿ ಹಿಡಿದು ಓದಿದವರನ್ನು ಆರಿಸಿಕೊಂಡಿದೆ, ಆ ಓದಿನ ಹಿಂದೆ ಇಲ್ಲಿನ ಸರ್ಕಾರಿ ಕಾಲೇಜು, ಅಕ್ಷರ ಬಲ್ಲ ಮನೆ ಇವೆ. ಕೆಲಸದ ವೀಸಾದಲ್ಲಿ ಹೋದವರ ಮಕ್ಕಳಿಗೆ ಕುಟುಂಬದ ಹಂಗು ಇನ್ನೊಂದು ರೀತಿ ತಟ್ಟುತ್ತದೆ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಹತ್ತಾರು ವರ್ಷ ಉದ್ದ. ಎರಡು ವರ್ಷದ ಕೂಸಾಗಿ ಹೋದ ಮಗು ಇಪ್ಪತ್ತೊಂದು ತುಂಬಿದ ದಿನ ಅಪ್ಪನ ವೀಸಾದ ನೆರಳಿನಿಂದ ಹೊರಬೀಳುತ್ತದೆ. ಬೇರೆ ವೀಸಾ ಸಿಗದಿದ್ದರೆ ತನಗೆ ನೆನಪೇ ಇಲ್ಲದ ಊರಿಗೆ ಮರಳಬೇಕು. ಆ ಮಗುವಿನ ಅಂಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ರಾಜ್ಯದಲ್ಲಿ ಬೇರೆ ಸಾವಿರ ಅನ್ಯಾಯಗಳಿವೆ. ಆದರೆ ಒಂದು ವಿಷಯದಲ್ಲಿ ನಮ್ಮ ಅರ್ಜಿ ಮುಚ್ಚುಮರೆ ಮಾಡುವುದಿಲ್ಲ. ಸಿಇಟಿ ಬರೆದವರಿಗೆ ಗೊತ್ತು: ಜಾತಿ ಮತ್ತು ಆದಾಯ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಕನ್ನಡ ಮಾಧ್ಯಮ ಪ್ರಮಾಣಪತ್ರ. ಎಲ್ಲಿ ಹುಟ್ಟಿದೆ, ಎಲ್ಲಿ ಓದಿದೆ ಎಂಬುದಕ್ಕೆ ಬೆಲೆ ಇದೆ ಎಂದು ಸರ್ಕಾರ ಒಪ್ಪಿಕೊಂಡೇ ಕೇಳುತ್ತದೆ. ವೃತ್ತಿಪರ ಕೋರ್ಸುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟು ಮೀಸಲಿವೆ.

ಅಣ್ಣ ಆ ರಾತ್ರಿ ಮಹಡಿಯಿಂದ ಹಳೆಯ ಕಡತವೊಂದನ್ನು ತಂದ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕೆಳಗೆ ಅವನ ಗ್ರಾಮೀಣ ಪ್ರಮಾಣಪತ್ರ ಇತ್ತು. ಮುಖ್ಯೋಪಾಧ್ಯಾಯರ ಸಹಿ, ಅದರ ಪಕ್ಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೊಹರು, ಮಡಿಕೆಯಲ್ಲಿ ಹಳದಿಗಟ್ಟಿದ ಕಾಗದ.

“ಇದಕ್ಕೆ ನಮ್ಮ ತಂದೆ ಮೂರು ಸಲ ತಾಲ್ಲೂಕಿಗೆ ಹೋಗಿದ್ದರು” ಎಂದ ಮಗಳಿಗೆ. “ಎರಡು ಸಲ ಅಧಿಕಾರಿ ಇರಲಿಲ್ಲ.”

“ತಾತ ಹೋಗದೇ ಇದ್ದಿದ್ದರೆ?”

ಅಣ್ಣ ಉತ್ತರ ಕೊಡಲಿಲ್ಲ. ಅತ್ತಿಗೆ ಮಾತ್ರ ಅಷ್ಟರಲ್ಲಿ ಆ ಗೆಳತಿಯ ಚಿಕ್ಕಮ್ಮನಿಗೆ ಫೋನ್ ಮಾಡಿದ್ದರು. ಅಸಾಧಾರಣ ಪರಿಸ್ಥಿತಿ ಎಂದು ಗುರುತು ಹಾಕುವ ಜಾಗ ಅರ್ಜಿಯಲ್ಲಿದೆ, ಆಮೇಲೆ ಕಾಲೇಜಿನ ನೆರವು ಕಚೇರಿಗೆ ದಾಖಲೆ ಕೊಡಬೇಕು ಎಂದು ಓದಿ ಹೇಳಿದರು. ಚಿಕ್ಕಮ್ಮನ ಪತ್ರ, ಶಾಲೆಯ ಸಲಹೆಗಾರರ ಪತ್ರ, ಹುಡುಗಿಯನ್ನು ಬಲ್ಲ ಶಿಕ್ಷಕರೊಬ್ಬರ ಪತ್ರ. ತನಗೆ ದೊಡ್ಡವರ ಆಸರೆ ಇಲ್ಲ ಎಂದು ತೋರಿಸಲು ಆ ಹುಡುಗಿ ಮೂವರು ದೊಡ್ಡವರ ಸಹಿಗಾಗಿ ಮರುದಿನ ಬೆಳಿಗ್ಗೆ ಹೊರಟಳು.